ಹೊಕ್ಕುಳಬಳ್ಳಿ ರಕ್ತವನ್ನು ಬ್ಯಾಂಕಿನಲ್ಲಿ ಇಡಿಸಬೇಕೆ?

ಪರ: ಸಿಗೋದು ಒಂದೇ ಸಲ
(ಬೆಂಗಳೂರಿನ ಖಾಸಗಿ ಕಂಪನಿಯೊಂದರ ನೌಕರ, ಎರಡು ವರ್ಷದ ಮಗಳ ಅಪ್ಪ)

ಪರವಾಗಿ ಬರೆಯಿರಿ ಎಂದು ನನಗೇ ಹೇಳಿದ್ದಕ್ಕೆ ಕಾರಣ ಇಷ್ಟೇ: ಗೆಳೆಯರ ಬಳಗದಲ್ಲಿ ಮಗುವಿನ ಹೊಕ್ಕುಳಬಳ್ಳಿ ರಕ್ತ ಇಡಿಸಲು ಖಾಸಗಿ ಬ್ಯಾಂಕಿಗೆ ದುಡ್ಡು ಕಟ್ಟಿದವನು ನಾನೊಬ್ಬನೇ. ಹಾಗಂತ ನಾನೇನು ಇದರ ಏಜೆಂಟ್ ಅಲ್ಲ. ಎಲ್ಲರೂ ಇಡಿಸಲೇಬೇಕು ಎನ್ನುವಷ್ಟು ಗಟ್ಟಿ ನಂಬಿಕೆಯೂ ನನಗಿಲ್ಲ. ಆದರೆ ಇಡಿಸಿದವರೆಲ್ಲ ಪೆದ್ದರು ಅನ್ನೋ ಹಾಗೆ ಯಾರಾದರೂ ಮಾತಾಡಿದರೆ ಸ್ವಲ್ಪ ಉರಿಯುತ್ತದೆ.

ಮೊದಲು ವಿಷಯಕ್ಕೆ ಬರೋಣ. ಬಳ್ಳಿ ಕತ್ತರಿಸಿದ ಮೇಲೂ ಅದರಲ್ಲಿ ಮತ್ತು ಮಾಸಿನಲ್ಲಿ ಒಂದಷ್ಟು ರಕ್ತ ಉಳಿಯುತ್ತದೆ. ಹೊಸ ರಕ್ತ ಹುಟ್ಟಿಸಬಲ್ಲ ಸ್ಟೆಮ್ ಸೆಲ್‌ಗಳು ಅದರಲ್ಲಿವೆ. ಮೊದಲೆಲ್ಲ ಅದು ಸೀದಾ ಆಸ್ಪತ್ರೆ ಕಸಕ್ಕೆ ಹೋಗುತ್ತಿತ್ತು. ಈಗ ಅದನ್ನು ಮುಂದೆ ಕಾಯಿಲೆಗೆ ಬೇಕಾದೀತು ಎಂದು ಅತಿ ತಣ್ಣಗೆ ಕಾಪಿಡುವ ಬ್ಯಾಂಕುಗಳಿವೆ. 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್ಮನ್ ಮತ್ತು ಅವರ ತಂಡ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದ ಅಮೆರಿಕದ ಹುಡುಗನೊಬ್ಬನಿಗೆ ಆಗತಾನೆ ಹುಟ್ಟಿದ್ದ ಅವನ ತಂಗಿಯ ಬಳ್ಳಿ ರಕ್ತವನ್ನು ಕೊಟ್ಟರು. ಹುಡುಗ ಬದುಕಿಕೊಂಡ. ಅಲ್ಲಿಂದೀಚೆಗೆ ಜಗತ್ತಿನಲ್ಲಿ ಇಂಥ 40 ಸಾವಿರಕ್ಕೂ ಹೆಚ್ಚು ಕಸಿಗಳು ನಡೆದಿವೆ.

ಥಲಸ್ಸೀಮಿಯಾ, ಅಂದರೆ ಮೈಯಲ್ಲಿ ಸರಿಯಾಗಿ ರಕ್ತ ಆಗದ ಹುಟ್ಟು ಕಾಯಿಲೆ ಇರುವ ಮಗುವನ್ನು ಯೋಚಿಸಿ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು. ಆ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿ, ಅದಕ್ಕೆ ಕಾಯಿಲೆ ಇರದೆ, ಅದರ ಬಳ್ಳಿ ರಕ್ತ ಅಣ್ಣನಿಗೋ ಅಕ್ಕನಿಗೋ ಹೊಂದಿದರೆ? ಅಂಥ ಮನೆಯವರು ಇಡಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಒಪ್ಪುತ್ತದೆ.

ನಮ್ಮ ಮನೆಯಲ್ಲಿ ಅಂಥ ಕಾಯಿಲೆ ಇಲ್ಲ. ಮತ್ತೆ ಯಾಕೆ ಕಟ್ಟಿದೆ ಅಂದರೆ, ಮಾವನವರಿಂದ. ಅವರು ಜೀವಮಾನವಿಡೀ ಜನರಿಗೆ ವಿಮೆ ಮಾಡಿಸಿದವರು. ಸೀಮಂತದ ದಿನ ಹೋಳಿಗೆ ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಜೇಬಿನಿಂದ ಬ್ರೋಷರ್ ತೆಗೆದರು. ‘ಅಳಿಯಂದ್ರೆ, ನಾನು ಮಾಡಿಸಿದ ಟರ್ಮ್ ಪಾಲಿಸಿಗಳಲ್ಲಿ ಮುಕ್ಕಾಲು ಪಾಲು ಕ್ಲೇಮೇ ಆಗ್ಲಿಲ್ಲ. ಯಾರಾದ್ರೂ ಬಂದು, ಛೆ, ನಾನು ಸಾಯ್ಲೇ ಇಲ್ವಲ್ಲ, ದುಡ್ಡು ದಂಡ ಆಯ್ತು ಅಂತ ಬೈದ್ರಾ?’ ಅಂದರು. ಅತ್ತೆ ಸುಮ್ಮನಿರಲಿಲ್ಲ. ‘ನಮ್ ಕಾಲದಲ್ಲಿ ಬಿದ್ದ ಬಳ್ಳಿ ಒಣಗಿಸಿ ಬೆಳ್ಳಿ ತಾಯಿತದಲ್ಲಿ ಹಾಕಿ ಸೊಂಟಕ್ಕೆ ಕಟ್ತಿದ್ವಿ. ಇವ್ರು ಚೆನ್ನೈನಲ್ಲಿ ಫ್ರಿಜ್‌ಗೆ ಇಡ್ತಾರಂತೆ’ ಎಂದರು. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಮಾವ ‘ಅರ್ಧ ನಂದು’ ಅಂದುಬಿಟ್ಟರು. ಅಲ್ಲಿಗೆ ಚರ್ಚೆ ಮುಗಿಯಿತು. ಅರವತ್ತು ಸಾವಿರದ ಮೇಲಾಯಿತು, ಜಿಎಸ್‌ಟಿ ಬೇರೆ. 2022ರ ಜುಲೈವರೆಗೆ ಇದಕ್ಕೆ ಜಿಎಸ್‌ಟಿ ವಿನಾಯಿತಿ ಇತ್ತಂತೆ. ನಮ್ಮ ಹಣೆಬರಹ.

ಇಟ್ಟ ರಕ್ತ ಆ ಮಗುವಿಗೇ ಕೆಲಸಕ್ಕೆ ಬರಲ್ಲ ಎನ್ನುತ್ತಾರೆ. ಅದಕ್ಕೆ ಈಗ ಬೇರೆ ದಾರಿ ಇದೆ. ಚೆನ್ನೈನ ಲೈಫ್‌ಸೆಲ್ ಎಂಬ ಬಳ್ಳಿ ರಕ್ತದ ಬ್ಯಾಂಕ್ 2017ರಲ್ಲಿ ಸಮುದಾಯ ಬ್ಯಾಂಕಿಂಗ್ ಶುರು ಮಾಡಿತು. ಸದಸ್ಯರು ಇಟ್ಟಿದ್ದೆಲ್ಲ ಒಂದೇ ಸಂಗ್ರಹ, ಯಾರದ್ದು ಯಾರಿಗೆ ಹೊಂದುತ್ತದೋ ಅವರು ಬಳಸಬಹುದು. ಹೊರದೇಶದ ದಾನಿಗಳ ಪಟ್ಟಿಯಲ್ಲಿ ನಮ್ಮವರಿಗೆ ಹೊಂದುವವರು ಸಿಗೋದು ಕಷ್ಟ. ಹಾಗಾಗಿ ಇದು ಕೆಲಸಕ್ಕೆ ಬಾರದ ಯೋಚನೆ ಏನಲ್ಲ.

ಬಳಕೆಗೆ ಬರೋ ಸಾಧ್ಯತೆ ಎಷ್ಟು ಎಂದು ಕೇಳುತ್ತಾರೆ. ಬಹಳ ಕಮ್ಮಿ. ಕಮ್ಮಿ ಇದ್ದರೆ ಒಳ್ಳೇದೇ ಅಲ್ವಾ? ಸಾಲ ಮಾಡಿ ಇಡಿಸಿ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಕಟ್ಟೋಕೆ ಒದ್ದಾಡುವವರಿಗೆ ಇದು ಬೇಡವೇ ಬೇಡ. ಆದರೆ ನಾಮಕರಣಕ್ಕೆ ಬಲೂನ್ ಕಮಾನು, ಡ್ರೋನ್ ಕ್ಯಾಮೆರಾ ತರಿಸುವವರೂ ಇದೊಂದರ ವಿಷಯಕ್ಕೆ ಬಂದಾಗ ಮಾತ್ರ ವಿಜ್ಞಾನ ಕೇಳುತ್ತಾರಲ್ಲ, ಅದು ತಮಾಷೆ.

ವಿರೋಧ: ಅದು ಉಳಿಕೆ ರಕ್ತ ಅಲ್ಲ, ಮಗುವಿನ ರಕ್ತ
(ಹಳೇ ಮೈಸೂರು ಭಾಗದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ನರ್ಸ್)

ಮಗು ಹೊರಗೆ ಬಂದ ಕೂಡಲೇ ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಬೇಕು. ಬಡಿಯುತ್ತಿರುತ್ತದೆ. ದಪ್ಪಗೆ, ನೀಲಿಯಾಗಿ, ಹುರಿ ಹಾಕಿದ ಹಗ್ಗದ ಹಾಗೆ ಬಿಗಿಯಾಗಿರುತ್ತದೆ. ಒಂದೆರಡು ನಿಮಿಷ ಕಳೆಯುತ್ತಿದ್ದ ಹಾಗೆ ಬಡಿತ ಇಳಿಯುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ, ಬಳ್ಳಿ ಮೆತ್ತಗಾಗಿ ಜೋತುಬೀಳುತ್ತದೆ. ಅಷ್ಟು ಹೊತ್ತೂ ಮಾಸಿನಲ್ಲಿದ್ದ ರಕ್ತ ಮಗುವಿನ ಮೈಗೆ ಹೋಗುತ್ತಿರುತ್ತದೆ. ನಮಗೆ ಇದು ದಿನಾ ಕಾಣುವ ಸಂಗತಿ. ಬ್ರೋಷರ್ ಬರೆಯುವವರಿಗೆ ಮಾತ್ರ ಅದು ‘ಸುಮ್ನೆ ಬಿಸಾಡೋ ರಕ್ತ’.

ಸುಮ್ನೆ ಲೆಕ್ಕ ಹಾಕಿ. ಮೂರು ಕೆಜಿ ಮಗುವಿನ ಮೈಯಲ್ಲಿರುವ ರಕ್ತವೇ ಹೆಚ್ಚೂಕಮ್ಮಿ ಕಾಲು ಲೀಟರ್. ಬ್ಯಾಂಕಿನವರ ಚೀಲಕ್ಕೆ 80ರಿಂದ 100 ಎಂಎಲ್ ಬಿದ್ದರೆ ಅವರಿಗೆ ಖುಷಿ. ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾದರೆ ಮಗುವಿನ ಮೈಯಲ್ಲಿ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದಂಶ ಜಾಸ್ತಿ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಇಂಥ ದೇಶದಲ್ಲಿ ಹುಟ್ಟಿದ ಗಳಿಗೆಯಲ್ಲೇ ಮಗುವಿನ ಪಾಲಿನ ರಕ್ತಕ್ಕೆ ಕೈ ಹಾಕಿ, ಆಮೇಲೆ ಐರನ್ ಡ್ರಾಪ್ಸ್ ಬರೆದುಕೊಡೋದು ಯಾವ ನ್ಯಾಯ?

‘ಕಾದು ಆಮೇಲೆ ತಗೊಳ್ಳಿ, ಎರಡೂ ಆಗುತ್ತೆ’ ಎಂದು ಮಾರಲು ಬರುವವರು ಹೇಳುತ್ತಾರೆ. ಕಾದಷ್ಟೂ ಚೀಲಕ್ಕೆ ಬೀಳೋದು ಕಮ್ಮಿ ಅನ್ನೋದು ಅವರಿಗೂ ಗೊತ್ತು, ನಮಗೂ ಗೊತ್ತು. ಅರವತ್ತು ಸಾವಿರ ಕೊಟ್ಟ ಮನೆಯವರು ಬಾಗಿಲಲ್ಲಿ ನಿಂತಿರುವಾಗ ಬಳ್ಳಿ ಬಿಗಿಯುವ ಕ್ಲಾಂಪ್ ಹಿಡಿದ ಕೈಗೆ ಒಂದು ನಿಮಿಷ ಎಷ್ಟು ಉದ್ದ ಆಗಿರುತ್ತದೆ ಅಂತ ಯಾವ ಬ್ರೋಷರ್‌ನಲ್ಲೂ ಬರೆದಿರುವುದಿಲ್ಲ.

ಒಂದು ರಾತ್ರಿ ಪಾಳಿ. ಮೊದಲ ಹೆರಿಗೆ, ನೋವು ಬಹಳ ಹೊತ್ತು ಎಳೆದಿತ್ತು. ಮಗು ಹುಟ್ಟಿದಾಗ ಅಳಲಿಲ್ಲ, ಕೈಕಾಲು ಆಡಿಸಲಿಲ್ಲ. ಅಂಥ ಹೊತ್ತಲ್ಲಿ ಬಳ್ಳಿ ಬೇಗ ಕತ್ತರಿಸಲೇಬೇಕಾಯಿತು. ಡಾಕ್ಟರು, ನಾನು, ಇನ್ನೊಬ್ಬ ಸಿಸ್ಟರ್, ಮೂವರ ಕೈಯೂ ಮಗುವಿನ ಮೇಲೆ. ಒರೆಸಿದೆವು, ಬಾಯಿ ಶುಚಿ ಮಾಡಿದೆವು, ಮಾಸ್ಕ್ ಇಟ್ಟು ಗಾಳಿ ಒತ್ತಿದೆವು. ಆಗ ಬಾಗಿಲ ಸಂದಿಯಿಂದ ಒಂದು ಡಬ್ಬಿ ಒಳಗೆ ಬಂತು, ಹಿಂದೆಯೇ ಧ್ವನಿ: ‘ಸಿಸ್ಟರ್, ಈ ಕಿಟ್ ಮರೀಬೇಡಿ. ತಕ್ಷಣ ತಗೊಳ್ದಿದ್ರೆ ಹೆಪ್ಪುಗಟ್ಟುತ್ತಂತೆ.’ ಮಗುವಿನ ಸೋದರಮಾವ. ಕೆಟ್ಟ ಮನುಷ್ಯ ಅಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಒಳಗೆ ಮಗು ಉಸಿರಾಡುತ್ತಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಉತ್ತರವನ್ನೇ ಕೊಡಲಿಲ್ಲ. ಮಗು ಕೊನೆಗೂ ಅತ್ತಿತು. ಆಮೇಲೆ ಬಳ್ಳಿಗೆ ಸೂಜಿ ಹಾಕಿದಾಗ ಚೀಲದ ತಳ ನೆನೆಯುವಷ್ಟು ರಕ್ತ ಬಂತು, ಅಷ್ಟೇ. ಸೆಲ್ ಕಮ್ಮಿ ಇದೆ, ಆದರೂ ಇಡ್ತೀರಾ ಎಂದು ಕೆಲವು ದಿನದ ಮೇಲೆ ಕಂಪನಿಯವರು ಫೋನ್ ಮಾಡಿ ಕೇಳಿದರಂತೆ. ಇವರು ಇಡಿ ಅಂದರಂತೆ! ಡಿಸ್ಚಾರ್ಜ್ ಆದಮೇಲೆ ಲಸಿಕೆಗೆ ಬಂದಾಗ ಆ ತಾಯಿಯೇ ಹೇಳಿದ್ದು.

ಹೋಗಲಿ, ತುಂಬಿದ ಚೀಲವಾದರೂ ಯಾವ ಕೆಲಸಕ್ಕೆ? ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಆದರೆ ಅದೇ ದೋಷ ಬಳ್ಳಿ ರಕ್ತದಲ್ಲೂ ಇರುತ್ತದೆ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಆದರೆ ಅದರ ಮೂಲವೇ ಆ ರಕ್ತದಲ್ಲಿ ಇದ್ದಿರಬಹುದು ಎಂದು ಡಾಕ್ಟರುಗಳು ಬೇರೆಯವರ ಸ್ಟೆಮ್ ಸೆಲ್‌ಗಳನ್ನೇ ಹುಡುಕುತ್ತಾರೆ. ಈಗಂತೂ ಅರ್ಧ ಹೊಂದುವ ಅಪ್ಪನದೋ ಅಮ್ಮನದೋ ಸ್ಟೆಮ್ ಸೆಲ್ ಹಾಕಿ ಕಸಿ ಮಾಡುತ್ತಿದ್ದಾರೆ. ಇಟ್ಟ ಮಗುವಿಗೇ ಅದು ಬೇಕಾಗುವ ಸಾಧ್ಯತೆ 2,500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು ಎನ್ನುವುದು ವೈದ್ಯ ಸಂಘಗಳು ಕೊಡುವ ಲೆಕ್ಕ. ಮುಂದೆ ಸ್ವಂತಕ್ಕೆ ಬೇಕಾಗುತ್ತದೆ ಎಂದು ಇಡಿಸಲು ವೈಜ್ಞಾನಿಕ ಆಧಾರವಿಲ್ಲ ಎಂದು ಐಸಿಎಂಆರ್ ಹೇಳಿಯಾಗಿದೆ.

ಥಲಸ್ಸೀಮಿಯಾ ಇರೋ ಮನೆಯ ಮಾತು ಬೇರೆ. ಅವರಿಗೆ ಅವರ ಡಾಕ್ಟರು ಹೇಳುತ್ತಾರೆ, ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ನಿಂತು ಫೋನ್ ನಂಬರ್ ಕೇಳುವ ಬ್ಯಾಂಕಿನ ಹುಡುಗಿ ಅಲ್ಲ. ಇನ್ನು ಎಲ್ಲರದ್ದೂ ಒಟ್ಟಿಗೆ ಇಡ್ತೀವಿ, ಯಾರಿಗೆ ಬೇಕೋ ಅವರಿಗೆ ಅನ್ನೋ ಹೊಸ ಯೋಜನೆ. ಊರಿಗೆಲ್ಲ ಹಂಚೋದಾದರೆ ಅದು ದಾನ. ರಕ್ತದಾನಕ್ಕೆ ಬಂದವರಿಗೆ ನಾವು ಬಿಸ್ಕೆಟ್, ಜ್ಯೂಸ್ ಕೊಡ್ತೀವಿ. ಬಿಲ್ ಕೊಡ್ತೀವಾ?

ಇಟ್ಟಿದ್ದು ಇಟ್ಟ ಹಾಗೇ ಇರುತ್ತೆ ಅನ್ನೋ ಭರವಸೆಯೂ ಬೇಡ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ 75 ವರ್ಷ ಇಡ್ತೀವಿ ಎಂದು ಬ್ಯಾಂಕಿನವರು ಹೇಳುತ್ತಾರೆ. 2023ರ ನವೆಂಬರ್‌ನಲ್ಲಿ ಸಿಂಗಪುರದ ಆರೋಗ್ಯ ಸಚಿವಾಲಯ ಅಲ್ಲಿನ ಕಾರ್ಡ್‌ಲೈಫ್ ಬ್ಯಾಂಕಿನ ಟ್ಯಾಂಕುಗಳಲ್ಲಿ ತಾಪಮಾನ ಮಿತಿ ಮೀರಿತ್ತು ಎಂದು ಪ್ರಕಟಿಸಿತು. ಒಂದೇ ಟ್ಯಾಂಕಿನಲ್ಲಿ ಸುಮಾರು 2,200 ಮಾದರಿಗಳು ಹಾಳಾಗಿದ್ದವು. ಸಿಂಗಪುರದಲ್ಲೇ ಹೀಗೆ.

ಯಾರದ್ದೋ ಮಗುವನ್ನು ಉಳಿಸಬೇಕು ಅನ್ನೋ ಆಸೆ ಇದ್ದರೆ ಬೆಂಗಳೂರಿನಲ್ಲೇ ಡಿಕೆಎಂಎಸ್ ಇಂಡಿಯಾ ಎಂಬ ಸಂಸ್ಥೆ ಇದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಸ್ಟೆಮ್ ಸೆಲ್ ದಾನಿಯಾಗಿ ಹೆಸರು ಬರೆಸಬಹುದು, ಪೈಸೆ ಖರ್ಚಿಲ್ಲ. ಮಗುವಿನ ಅಪ್ಪ, ಸೋದರಮಾವ, ಚಿಕ್ಕಪ್ಪ ಎಲ್ಲರೂ ಹೋಗಲಿ. ಬಸುರಿಯರು ಏಳನೇ ತಿಂಗಳ ಚೆಕಪ್‌ಗೆ ಹೋದಾಗ ‘ಮಗು ಚೆನ್ನಾಗಿದ್ದರೆ ಬಳ್ಳಿ ಕತ್ತರಿಸೋಕೆ ಸ್ವಲ್ಪ ಕಾಯ್ತೀರಾ?’ ಎಂದು ಡಾಕ್ಟರನ್ನು ಕೇಳಿ. ಕಾಯ್ತೀವಿ ಅಂದರೆ ಅದನ್ನು ಕೇಸ್ ಶೀಟ್‌ನಲ್ಲಿ ಬರೆಸಿ. ಸಿಸೇರಿಯನ್ ಆದರೂ ಕೇಳಬಹುದು, ನಾಚಿಕೊಳ್ಳಬೇಡಿ.