ಆಂಪಿಯರ್ ಜಾಸ್ತಿ ಇದ್ದರೆ ಪೆಡಲ್ ಸುಡುವುದಿಲ್ಲ

9 ವೋಲ್ಟ್‌ನ ಗಿಟಾರ್ ಪೆಡಲ್‌ಗೆ (ಗಿಟಾರ್‌ನ ದನಿ ಬದಲಿಸುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ) 1 ಆಂಪಿಯರ್ ಅಡಾಪ್ಟರ್ ಹಾಕಿದರೆ ಸುಟ್ಟುಹೋಗುತ್ತದೆ ಎಂಬ ಮಾತು ಗಿಟಾರ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಆಂಪಿಯರ್ ಅಂದರೆ ಅಡಾಪ್ಟರ್ ಹೆಚ್ಚೆಂದರೆ ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಲೆಕ್ಕ ಅಷ್ಟೇ. ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ದನಿಯನ್ನು ಒರಟಾಗಿಸುವ ಸಾಮಾನ್ಯ ಓವರ್‌ಡ್ರೈವ್ ಪೆಡಲ್‌ಗೆ 10 ಮಿಲಿಆಂಪಿಯರ್ ಆಸುಪಾಸು ಸಾಕು. ಕಡಿಮೆ ಬಿದ್ದರೇ ತೊಂದರೆ; ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ ಪೆಡಲ್ ಆನ್ ಆಗದೇ ಇರಬಹುದು.

ಪೆಡಲ್ ಸುಡುವುದು ವೋಲ್ಟೇಜ್ ಜಾಸ್ತಿಯಾದರೆ, ಇಲ್ಲವೇ ಪ್ಲಸ್-ಮೈನಸ್ ಅದಲು ಬದಲಾದರೆ. ಹೆಚ್ಚಿನ ಪೆಡಲ್‌ಗಳಿಗೆ ಅಡಾಪ್ಟರ್ ಪಿನ್‌ನ ನಡುವೆ ಮೈನಸ್ ಇರಬೇಕು. ವೈಫೈ ರೂಟರ್‌ನ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್, ಎಷ್ಟೋ ಸಲ 12 ವೋಲ್ಟ್ ಬೇರೆ. ಆದರೂ ಜಾಕ್‌ನಲ್ಲಿ ಚೆನ್ನಾಗಿಯೇ ಕೂರುತ್ತದೆ, ಅದೇ ಫಜೀತಿ! ಹಾಕುವ ಮೊದಲು ಮಲ್ಟಿಮೀಟರ್‌ನ ಕೆಂಪು ಮೊನೆಯನ್ನು ಪಿನ್ ಒಳಗೆ, ಕಪ್ಪನ್ನು ಹೊರಗೆ ಇಟ್ಟು ನೋಡಿ. ಮೈನಸ್ 9ರ ಆಸುಪಾಸು ತೋರಿಸಿದರೆ ಸರಿ.