ನೋವು ಬಂದಾಗ ಬಾ ಅನ್ನಬೇಡಿ

ಜಿಮ್ಮಾದಲ್ಲಿ ಮಳೆ ಹಿಡಿದರೆ ಥೇಟ್ ನಮ್ಮ ಸಕಲೇಶಪುರದ್ದೇ ಮಳೆ. ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಮನೆ, ನೆರಳಿನ ಮರ, ಅದರಡಿ ಕಾಫಿ, ಕಾಲು ಹೂತುಹೋಗುವ ಕೆಂಪು ಮಣ್ಣಿನ ದಾರಿ. ಇಥಿಯೋಪಿಯದ ಈ ಊರಿಗೆ ಗಣಿತ ಪಾಠ ಮಾಡಲು ಬಂದು ಹನ್ನೆರಡು ವರ್ಷವಾಯಿತು. ಬಾಬಾ ಬುಡನ್ ಯೆಮೆನ್‌ನಿಂದ ಚಿಕ್ಕಮಗಳೂರಿನ ಗಿರಿಗೆ ತಂದರು ಅಂತ ನಾವು ಹೇಳುವ ಕಾಫಿಯ ತವರು ಇಲ್ಲಿನ ಕಾಡುಗಳೇ. ಹಾಗಾಗಿ ಬಂದ ದಿನದಿಂದಲೂ ನನಗೆ ಇದು ಪೂರ್ತಿ ಪರದೇಶ ಅನ್ನಿಸಿಲ್ಲ.

ಮಳೆಗಾಲಕ್ಕೆ ಇಲ್ಲಿ ರಜೆ. ಆಗ ಊರಿಗೆ ಬರುತ್ತೇನೆ. ಹೋದ ವರ್ಷ ಆಗಸ್ಟ್‌ನಲ್ಲಿ ಬಂದಾಗ ಆದದ್ದನ್ನು ಮೊದಲು ಹೇಳಬೇಕು.

ನಮ್ಮ ಮನೆ ಪಕ್ಕದ ತೋಟದ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಒಂದು ಜೋಡಿ ಇತ್ತು. ಆ ಹುಡುಗಿಗೆ ದಿನ ತುಂಬಿತ್ತು. ಇಪ್ಪತ್ತು ಇಪ್ಪತ್ತೊಂದು ವಯಸ್ಸಿರಬಹುದು, ಎರಡನೇ ಬಸಿರು. ಆಶಾ ಕಾರ್ಯಕರ್ತೆ ಬಂದು, ಮಳೆ ಜೋರಿದೆ, ಈಗಲೇ ಹೋಗಿ ಅಡ್ಮಿಟ್ ಆಗು ಅಂದರು. ಗಂಡ ಆಟೋ ಮಾಡಿಕೊಂಡು ಕರೆದುಕೊಂಡು ಹೋದ. ಆಸ್ಪತ್ರೆಯಲ್ಲಿ ನೋಡಿ, ಇನ್ನೂ ನೋವು ಬಂದಿಲ್ಲ, ಮನೆಗೆ ಹೋಗಿ, ನೋವು ಬಂದಾಗ ಬನ್ನಿ ಅಂದರಂತೆ. ಯಾವ ಆಸ್ಪತ್ರೆ ಅಂತ ನಾನು ಬರೆಯುವುದಿಲ್ಲ. ಇದು ಒಂದು ಆಸ್ಪತ್ರೆಯ ಮಾತಲ್ಲ, ಎಲ್ಲಾ ಕಡೆ ಕೇಳುವ ಮಾತು. ಇರುವುದೇ ನಾಲ್ಕಾರು ಹಾಸಿಗೆ, ನೋವು ತಿನ್ನುತ್ತಿರುವವರಿಗೇ ಸಾಲುವುದಿಲ್ಲ. ನರ್ಸ್ ಆದರೂ ಏನು ಮಾಡಿಯಾರು?

ಸಂಜೆ ಆರಕ್ಕೆ ವಾಪಸ್ ಬಂದರು. ರಾತ್ರಿ ಒಂದು ಗಂಟೆಗೆ ನೋವು ಬಂತು.

108ಕ್ಕೆ ಫೋನ್ ಮಾಡಲು ಗುಡ್ಡ ಹತ್ತಬೇಕು, ಕೆಳಗೆ ನೆಟ್‌ವರ್ಕ್ ಇಲ್ಲ. ಫೋನ್ ಸಿಕ್ಕಿತು, ಗಾಡಿಯೂ ಹೊರಟಿತು. ಆದರೆ ತೋಟದ ಗೇಟಿನ ಆಚೆ ರಸ್ತೆಯಲ್ಲಿ ಮೂರು ಕಾಡಾನೆ ನಿಂತಿದ್ದವು. ಅವು ದಾಟಿ ಹೋಗುವವರೆಗೆ ಆಚೆಯ ಗಾಡಿ ಆಚೆ, ಈಚೆಯ ನಮ್ಮ ಜೀಪು ಈಚೆ. ಅಣ್ಣ ದೀಪ ಆರಿಸಿ ಕೂತಿದ್ದ. ನಾನು ಮುಂದಿನ ಸೀಟಿನಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಮಗು ಹುಟ್ಟಿತು. ಲೈನ್ ಮನೆಯ ಒಬ್ಬ ವಯಸ್ಸಾದ ಹೆಂಗಸು ಮಗುವನ್ನು ತನ್ನ ಸೆರಗಿನಲ್ಲೇ ಸುತ್ತಿಕೊಂಡಳು. ಮಗು ಅತ್ತಿತು. ನಮಗೆಲ್ಲ ಜೀವ ಬಂದ ಹಾಗಾಯಿತು. ಆಮೇಲೆ ಆ ಹೆಂಗಸು ಸಣ್ಣ ದನಿಯಲ್ಲಿ, ರಕ್ತ ನಿಲ್ತಿಲ್ಲ ಅಂದಳು.

ಹಾಸನದಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ತಾಯಿ ಉಳಿದಳು. ಮರುದಿನ ಅಣ್ಣ ಜೀಪಿನ ಸೀಟಿನ ಕೆಳಗೆ ನಿಂತಿದ್ದ ರಕ್ತಕ್ಕೆ ಕೊಡದ ಮೇಲೆ ಕೊಡ ನೀರು ಹಾಕಿ ತೊಳೆಯುತ್ತಿದ್ದ. ಮೂರನೇ ಕೊಡಕ್ಕೂ ನೀರು ಕೆಂಪಗೇ ಹರಿಯಿತು.

ಜಿಮ್ಮಾಕ್ಕೆ ವಾಪಸ್ ಬಂದ ಮೇಲೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇಷ್ಟು ಬಡ ದೇಶದಲ್ಲಿ, ಇಷ್ಟೇ ಕೆಟ್ಟ ದಾರಿಯಲ್ಲಿ, ಈ ಜನ ಏನು ಮಾಡುತ್ತಾರೆ?

ಇವರು ನೋವು ಬರುವ ಮೊದಲೇ ಬಾ ಅನ್ನುತ್ತಾರೆ.

ಒಬ್ಬ ವಿದ್ಯಾರ್ಥಿಯ ಊರಿಗೆ ಹೋಗಿದ್ದೆ. ಅಲ್ಲಿನ ಆರೋಗ್ಯ ಕೇಂದ್ರದ ಹಿಂಬದಿ ಒಂದು ಮನೆ. ಮರದ ಗಳು ನಿಲ್ಲಿಸಿ ಮಣ್ಣು ಮೆತ್ತಿದ ಗೋಡೆ, ತಗಡಿನ ಮಾಡು. ಒಳಗೆ ಆರು ಹಾಸಿಗೆ. ನಡುವೆ ಮೂರು ಕಲ್ಲಿನ ಒಲೆ. ದೂರದ ಹಳ್ಳಿಯ ಬಸುರಿಯರು ದಿನ ತುಂಬುವ ಎರಡು ಮೂರು ವಾರ ಮೊದಲೇ ಬಂದು ಇಲ್ಲಿ ಇರುತ್ತಾರೆ. ಅಮ್ಹಾರಿಕ್ ಭಾಷೆಯಲ್ಲಿ ಇದಕ್ಕೆ ತಾಯಂದಿರು ತಂಗುವ ಮನೆ ಅನ್ನುವ ಅರ್ಥದ ಹೆಸರಿದೆ. ನೋವು ಶುರುವಾದರೆ ಅಂಗಳ ದಾಟಿದರೆ ಸಾಕು, ಸೂಲಗಿತ್ತಿ ನರ್ಸ್ ಇದ್ದಾಳೆ. ಕೈ ಮೀರಿದರೆ ದೊಡ್ಡಾಸ್ಪತ್ರೆಗೆ ಗಾಡಿ ಅಲ್ಲಿಂದಲೇ ಹೊರಡುತ್ತದೆ.

ನಾನು ಹೋದಾಗ ಒಬ್ಬಳು ಹಸಿ ಕಾಫಿ ಬೀಜ ತೊಳೆದು, ಅಗಲ ಬಾಣಲೆಯಲ್ಲಿ ಹುರಿಯುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಹುರಿದ ಬೀಜದ ಹೊಗೆಯನ್ನು ಉಳಿದವರ ಮೂಗಿಗೆ ಹಿಡಿದಳು, ಎಲ್ಲರೂ ಕೈಯಿಂದ ಎಳೆದುಕೊಂಡು ಮೂಸಿದರು. ಇನ್ನೊಂದು ಕಡೆ ಗಂಜಿ ಗಟ್ಟಿ ತಿರುವುತ್ತಿದ್ದರು. ಓರೊಮೊ ಜನ ಇದಕ್ಕೆ ಮರ್ಕಾ ಅನ್ನುತ್ತಾರೆ. ನೋಡಿದರೆ ನಮ್ಮ ಹಾಸನದ ಮುದ್ದೆಯೇ! ತಟ್ಟೆಗೆ ಹಾಕಿ, ನಡುವೆ ಗುಳಿ ಮಾಡಿ, ಅದರ ತುಂಬ ಮಸಾಲೆ ಬೆಣ್ಣೆ ಸುರಿಯುತ್ತಾರೆ. ಹೆರಿಗೆಯಾದ ಮನೆಯಲ್ಲಿ ಇದನ್ನು ಮಾಡಿ ಹಂಚಲೇಬೇಕು. ಮೊದಲೆಲ್ಲ ಹೆಂಗಸರು ಆಸ್ಪತ್ರೆಗೆ ಬರಲು ಒಪ್ಪದಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು. ಅಲ್ಲಿ ಕಾಫಿ ಇಲ್ಲ, ಗಂಜಿ ಇಲ್ಲ, ನಮ್ಮವರು ಇಲ್ಲ ಅಂತ. ಆಗ ಆರೋಗ್ಯ ಕೇಂದ್ರಗಳೇ ಒಲೆಗೆ ಜಾಗ ಕೊಟ್ಟವು. ಒಲೆ ಬಂತು, ಹೆಂಗಸರೂ ಬಂದರು.

ಆ ಮನೆಗೆ ಮರ ಕಡಿದು ತಂದವರು, ಮಣ್ಣು ತುಳಿದವರು ಊರಿನವರೇ. ಕಾಫಿ ಕೊಯ್ಲು ಮುಗಿದ ಮೇಲೆ ಮನೆಗಿಷ್ಟು ಅಂತ ದುಡ್ಡು, ಜೋಳ ಸೇರಿಸುತ್ತಾರೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದರು, ಯಾವ ಹಳ್ಳಿಯಿಂದ ಎಷ್ಟು ಚೀಲ ಬಂತು ಅಂತ. ಬಾಕಿ ಉಳಿಸಿಕೊಂಡ ಹಳ್ಳಿಯ ಹೆಸರಿನ ಕೆಳಗೆ ಕೆಂಪು ಗೆರೆ. ಲೆಕ್ಕದ ಮೇಷ್ಟರಾದ ನನಗೆ ಆ ಹಾಳೆ ತುಂಬಾ ಹಿಡಿಸಿತು.

ಇಥಿಯೋಪಿಯವೇ ಮೇಲು ಅಂತ ನಾನು ಹೇಳುತ್ತಿಲ್ಲ. ಅಂಕಿಗಳು ಹಾಗೆ ಹೇಳುವುದೂ ಇಲ್ಲ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಅನ್ನುವ ಲೆಕ್ಕದಲ್ಲಿ ಇಲ್ಲಿನ 2016ರ ಸಮೀಕ್ಷೆ 412 ಅಂದಿತು. 2000ದಲ್ಲಿ ಅದು 871 ಇತ್ತು. ಕರ್ನಾಟಕದ್ದು 2018-20ರಲ್ಲಿ 69. ಎಲ್ಲಿಗೆಲ್ಲಿ ಹೋಲಿಕೆ! ನಮ್ಮಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಇಲ್ಲಿ 2000ದಲ್ಲಿ 5 ಇದ್ದದ್ದು 2019ಕ್ಕೆ 48 ಆಗಿದೆ. ಆಮೇಲೆ ಯುದ್ಧ, ಕಲಹ ಬಂದು ಎಷ್ಟೋ ಕಡೆ ಆರೋಗ್ಯ ಕೇಂದ್ರಗಳೇ ಹಾಳಾದವು.

ಆದರೆ ನಮ್ಮ 69ನ್ನು ನೆರೆಮನೆಯವರ ಪಕ್ಕ ಇಟ್ಟು ನೋಡಿ. ಅದೇ ವರ್ಷಗಳಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. ದುಡ್ಡಿಲ್ಲದೆ ಅಲ್ಲ, ಯೋಜನೆಗಳಿಲ್ಲದೆ ಅಲ್ಲ. ತಾಯಿ ಕಾರ್ಡ್ ಇದೆ. 2008ರಿಂದ 108 ಇದೆ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಊಟ, ಹೋಗಿ ಬರುವ ಗಾಡಿ ಎಲ್ಲಾ ಉಚಿತ. 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ. ಇದೆಲ್ಲಾ ಸುಮ್ನೆ ಬಂದದ್ದಲ್ಲ, ಇದರಿಂದ ಎಷ್ಟೋ ಜೀವ ಉಳಿದಿದೆ. ಆದರೂ ಮಲೆನಾಡಿಗೆ ಒಂದು ಅಳತೆ ಸರಿ ಹೊಂದುತ್ತಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒಂದೇ ಕಡೆ ಇರುವ ಮನೆಗಳು. ನಮ್ಮಲ್ಲಿ ಅಂಗನವಾಡಿ ಒಂದು ಗುಡ್ಡ, ಬಸುರಿಯ ಮನೆ ಇನ್ನೊಂದು ಗುಡ್ಡ. ಏಳು ತಿಂಗಳ ಹೊಟ್ಟೆ ಹೊತ್ತು, ಜಿಗಣೆ ಕಿತ್ತುಕೊಳ್ಳುತ್ತಾ, ಒಂದು ಊಟಕ್ಕೆ ಎರಡು ಮೈಲಿ ನಡಿ ಅಂದರೆ ಯಾರು ನಡೀತಾರೆ? ಆಂಬುಲೆನ್ಸ್ ಕಥೆಯೂ ಅಷ್ಟೇ. ಗಾಡಿ ಎಷ್ಟೇ ಚೆನ್ನಾಗಿದ್ದರೂ ಕುಸಿದ ಗುಡ್ಡವನ್ನು ದಾಟುವುದಿಲ್ಲ, ಆನೆಯನ್ನೂ ದಾಟುವುದಿಲ್ಲ.

ಹೆರಿಗೆಯಾದ ಮೇಲೆ ರಕ್ತ ಹೋಗಲು ಶುರುವಾದರೆ ಎರಡು ಗಂಟೆಯೊಳಗೆ ತಾಯಿ ಕೈಬಿಟ್ಟು ಹೋಗಬಹುದು. ಎಷ್ಟು ಹೋಯಿತು ಅನ್ನುವುದು ಕಣ್ಣಂದಾಜಿಗೆ ತಿಳಿಯುವುದಿಲ್ಲ, ಯಾವಾಗಲೂ ಕಡಿಮೆಯೇ ಅನ್ನಿಸುತ್ತದೆ. ಅದಕ್ಕೇ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯೊಂದನ್ನು ತಾಯಿಯ ಕೆಳಗೆ ಹಾಸುತ್ತಾರೆ, ರಕ್ತ ಅದರ ಚೀಲಕ್ಕೆ ಇಳಿಯುತ್ತದೆ. ಆಫ್ರಿಕಾದ ಕೀನ್ಯಾ, ತಾಂಜಾನಿಯ, ನೈಜೀರಿಯ, ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಬಳಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲಾ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ 60 ಶೇಕಡಾ ಕಡಿಮೆಯಾಯಿತು ಅಂತ 2023ರಲ್ಲಿ ಗೊತ್ತಾಯಿತು. ಇಂಥ ಹಾಳೆಯನ್ನು ಎಷ್ಟೋ ವರ್ಷ ಮೊದಲು ಬಳಸಿ ನೋಡಿದ್ದು ಎಲ್ಲಿ ಗೊತ್ತಾ? ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ದಾದಿಯರು ಹೆರಿಗೆಯಾದ ಕೂಡಲೇ ಮಿಸೋಪ್ರೊಸ್ಟಾಲ್ ಮಾತ್ರೆ ನುಂಗಿಸಿ, ಹೆಚ್ಚು ರಕ್ತಸ್ರಾವ ಆಗುವ ತಾಯಂದಿರ ಲೆಕ್ಕವನ್ನು 12 ಶೇಕಡಾದಿಂದ 6.4ಕ್ಕೆ ಇಳಿಸಿದ್ದು 2006ರಲ್ಲಿ ಪ್ರಕಟವಾಗಿ ಲೋಕಕ್ಕೆಲ್ಲ ತಿಳಿಯಿತು. ಇದನ್ನು ಓದಿದ ದಿನ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಆದರೆ ಆ ಹಾಳೆ, ಆ ಮಾತ್ರೆ, ಆ ದಾದಿ ಯಾವುದೂ ನಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಇರಲಿಲ್ಲ. ತಾಯಿ ಅವು ಇರುವ ಕಡೆ ಇರಬೇಕಿತ್ತು, ಅಷ್ಟೇ.

ಮೊದಲೇ ಹೋಗಿ ಇರುವುದು ನಮಗೇನು ಹೊಸದೇ? ಏಳನೇ ತಿಂಗಳಿಗೆ ಸೀಮಂತ ಮಾಡಿ, ಮಡಿಲು ತುಂಬಿ, ಬಳೆ ತೊಡಿಸಿ ತವರಿಗೆ ಕಳಿಸುತ್ತೇವೆ. ಚೊಚ್ಚಲ ಹೆರಿಗೆ ತವರಲ್ಲೇ. ಅಮ್ಮ ಹಂಡೆ ನೀರು ಕಾಯಿಸುತ್ತಾಳೆ, ಅಂಟಿನುಂಡೆ ಕಟ್ಟುತ್ತಾಳೆ. ಬಸುರಿಯನ್ನು ನೋವು ಬರುವ ಮೊದಲೇ ಜಾಗ ಸೇರಿಸು ಅನ್ನುವ ಬುದ್ಧಿ ನಮ್ಮ ಅಜ್ಜಿಯರಿಗೆ ಇತ್ತು. ಆದರೆ ತವರು ಗುಡ್ಡದ ಮೇಲಿದ್ದರೆ? ತವರು ಅಸ್ಸಾಮಿನಲ್ಲೋ ಜಾರ್ಖಂಡಿನಲ್ಲೋ ಇದ್ದರೆ? ನಮ್ಮ ಕಾಫಿ ಕೊಯ್ಯುವ ಕೈಗಳು ಈಗ ಎಷ್ಟೋ ಅಲ್ಲಿಂದ ಬಂದವು. ಅವರಿಗೆ ಭಾಷೆ ಬರುವುದಿಲ್ಲ, ಎಷ್ಟೋ ಜನರ ಕೈಯಲ್ಲಿ ತಾಯಿ ಕಾರ್ಡ್ ಇಲ್ಲ. ಬಾಣಂತನ ಮಾಡುವವರಂತೂ ಇಲ್ಲವೇ ಇಲ್ಲ.

ಮಹಾರಾಷ್ಟ್ರದ ಗಡ್‌ಚಿರೋಲಿಯಂಥ ಕಾಡು ಜಿಲ್ಲೆಗಳಲ್ಲಿ ಆಸ್ಪತ್ರೆ ಪಕ್ಕ ಇಂಥ ಮನೆಗಳಿವೆ. ಹೆಸರು ಮಾಹೇರ್ ಘರ್. ಮಾಹೇರ್ ಅಂದರೆ ತವರು! ಒಡಿಶಾದಲ್ಲಿ ಮಾ ಗೃಹ ಅನ್ನುತ್ತಾರೆ. ಹಾಗಾದರೆ ಸಕಲೇಶಪುರದಲ್ಲಿ, ಮೂಡಿಗೆರೆಯಲ್ಲಿ, ಕೊಪ್ಪದಲ್ಲಿ ಯಾಕಾಗಬಾರದು?

ಮನೆ ಕಟ್ಟಿಬಿಟ್ಟರೆ ಮುಗಿಯಿತು ಅಂತಲ್ಲ. ಇದೇ ಜಿಮ್ಮಾ ಸುತ್ತ ಒಂದು ದೊಡ್ಡ ಅಧ್ಯಯನ ನಡೆಯಿತು. ತಂಗುವ ಮನೆಗಳನ್ನು ಚೆನ್ನಾಗಿ ಮಾಡಿ, ಊರ ಮುಖಂಡರಿಗೆ ತರಬೇತಿ ಕೊಟ್ಟು ನೋಡಿದರು. ಆಸ್ಪತ್ರೆ ಹೆರಿಗೆ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ ಅಂತ 2020ರಲ್ಲಿ ಬರೆದರು. ನಾನು ಮಾತಾಡಿಸಿದ ಹೆಂಗಸರು ಕಾರಣ ನೇರವಾಗಿ ಹೇಳಿದರು. ಮನೆಯಲ್ಲಿರುವ ಸಣ್ಣ ಮಗುವನ್ನು ಯಾರು ನೋಡುತ್ತಾರೆ? ಗಂಡ ಬಿಡಬೇಕಲ್ಲ? ಅಲ್ಲಿ ಊಟ ಸಿಗುತ್ತಾ? ನನಗೆ ದಿನ ತುಂಬುವುದು ಯಾವಾಗ ಅಂತಲೇ ಗೊತ್ತಿಲ್ಲ. ಹಾಗಾಗಿ ನಮ್ಮಲ್ಲಿ ಮಾಡಿದರೆ ದೊಡ್ಡ ಮಗುವೂ ಜೊತೆಗೆ ಬರುವ ಹಾಗಿರಬೇಕು, ಅತ್ತೆಯೋ ನಾದಿನಿಯೋ ಒಬ್ಬರು ಮಲಗಲು ಜಾಗ ಬೇಕು, ಆ ಎರಡು ವಾರದ ಕೂಲಿಗೆ ದಾರಿ ಬೇಕು. ಕೂಲಿಯ ಮಾತು ಬಂದಾಗ ತೋಟದ ಮಾಲೀಕರು, ನನ್ನ ಅಣ್ಣನೂ ಸೇರಿ, ತಲೆ ತಗ್ಗಿಸುವುದು ಬೇಡ. ತೋಟಕ್ಕೆ ಒಂದು ವರ್ಷಕ್ಕೆ ಹಾಕುವ ಗೊಬ್ಬರದ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಇನ್ನೊಂದು ವ್ಯತ್ಯಾಸ ಹೇಳದೆ ಇರಲಾರೆ. ಇಲ್ಲಿ 2003ರಿಂದ ಪ್ರತಿ ಊರಿಗೆ ಇಬ್ಬರು ಆರೋಗ್ಯ ಕಾರ್ಯಕರ್ತೆಯರು. ಹತ್ತನೇ ಕ್ಲಾಸು ಮುಗಿಸಿ, ಒಂದು ವರ್ಷ ಕಲಿತು ಬಂದವರು. ಅವರಿಗೆ ಸರ್ಕಾರಿ ಸಂಬಳ. ನಮ್ಮ ಆಶಾ 2005ರಿಂದ ದುಡಿಯುತ್ತಿದ್ದಾರೆ, ಹೆಸರಿಗೆ ಈಗಲೂ ಸ್ವಯಂಸೇವಕಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿ ಚಳಿಯಲ್ಲಿ ಅವರು ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಆ ಹುಡುಗಿಯನ್ನು ಮೊದಲೇ ಹೋಗು ಅಂದವರು ಅವರೇ ಅಲ್ವಾ? ಅವರ ಮಾತು ಸರಿಯಾಗಿತ್ತು. ಆ ಮಾತನ್ನು ನಡೆಸಿಕೊಡುವ ಒಂದು ಕೋಣೆ ಇರಲಿಲ್ಲ.

ಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಹಳೇ ಹೆಂಚಿನ ಮನೆ ಇದೆ. ಆಸ್ಪತ್ರೆಗೆ ನಡೆದು ಹೋಗುವ ದೂರ. ದೊಡ್ಡಮ್ಮ ಹೋದ ಮೇಲೆ ಬೀಗ ಹಾಕಿದೆ. ಮನೆಯವರೆಲ್ಲಾ ಒಪ್ಪಿದ್ದೇವೆ. ಹೋದ ವಾರ ಅಕ್ಕ ಬೀಗ ತೆಗೆಸಿ, ಆಶಾ ಕಾರ್ಯಕರ್ತೆಯನ್ನೂ ಸ್ತ್ರೀಶಕ್ತಿ ಸಂಘದ ನಾಲ್ವರನ್ನೂ ಕರೆದುಕೊಂಡು ಹೋಗಿ ತೋರಿಸಿದಳು. ಮೂರು ಕೋಣೆ, ಒಂದು ಜಗಲಿ, ಬಾವಿಯಲ್ಲಿ ನೀರಿದೆ. ಪಾಯಿಖಾನೆ ಹೊಸದಾಗಿ ಕಟ್ಟಬೇಕು, ಹಿಂದಿನ ಮಾಡು ಸೋರುತ್ತದೆ. ಆಸ್ಪತ್ರೆಯವರ ಹತ್ತಿರ, ತಾಲ್ಲೂಕು ಆರೋಗ್ಯಾಧಿಕಾರಿಗಳ ಹತ್ತಿರ ಮಾತಾಡುವುದು ಬಾಕಿ ಇದೆ. ಜುಲೈನಲ್ಲಿ ಬಂದಾಗ ಅದನ್ನೇ ಮಾಡುತ್ತೇನೆ. ಆಶಾ ಕಾರ್ಯಕರ್ತೆ ಮನೆಯೆಲ್ಲಾ ಸುತ್ತಿ ನೋಡಿ, ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರಂತೆ: "ಗ್ಯಾಸ್ ಬೇಡ, ಬಾಣಂತಿಗೆ ಹಂಡೆ ನೀರು ಕಾಯ್ಬೇಕು. ಒಲೆ ಎಲ್ಲಿ ಹಾಕ್ಸ್ತೀರಾ?"