ನಾನು ಪ್ರೈವೇಟ್ ಆದ ಕಥೆ

ಯಾರಾದ್ರೂ ನಮ್ಮ ಕಾಲ್ ಕಟ್ ಮಾಡಿದ್ರೆ ಪಾಪ ಏನೋ ಕೆಲಸದಲ್ಲಿರ್ಬೇಕು ಅಂತ ಸಮಾಧಾನ ಮಾಡ್ಕೋಬಹುದು. ಕಟ್ ಮಾಡೋದನ್ನ ಎದುರಿಗೇ ನಿಂತು ಕಣ್ಣಾರೆ ನೋಡೋ ಯೋಗ ಮಾತ್ರ ನನ್ನ ಹಣೇಲಿ ಬರೆದಿತ್ತು.

ಕಳೆದ ಶನಿವಾರ ಇಲ್ಲಿ ನ್ಯೂಜೆರ್ಸಿಲಿ ನಮ್ಮ ಕನ್ನಡ ಕೂಟದ ಯುಗಾದಿ. ಒಂದು ಸ್ಕೂಲಿನ ಹಾಲ್ ಬಾಡಿಗೆಗೆ ತಗೊಂಡಿದ್ರು, ನನ್ನ ಪಾಲಿಗೆ ನಲವತ್ತು ಜನಕ್ಕಾಗೋಷ್ಟು ಬಿಸಿಬೇಳೆಬಾತ್ ಬಂದಿತ್ತು. ಎರಡೂ ಕೈಲಿ ಹಿಡಿದ್ರೂ ನಡು ಬಗ್ಗೋ ಆ ಅಲ್ಯೂಮಿನಿಯಂ ಟ್ರೇ ಇರುತ್ತಲ್ಲ, ಅದು. ಫಾಯಿಲ್ ಸಂದಿಯಿಂದ ತುಪ್ಪ ಇಳಿದು ಹೊಸ ಸೀರೆ ಸೆರಗಿನ ಕಡೆ ಹೊರಟಿದೆ, ಹಾಲಿನ ಬಾಗಿಲು ತಾನಾಗೇ ಲಾಕ್ ಆಗೋ ಜಾತಿದು, ಒಳಗೆ ಮೈಕಲ್ಲಿ "ಹಲೋ ಹಲೋ ಚೆಕ್" ನಡೀತಿದೆ, ನಾನು ಮೊಣಕಾಲಲ್ಲಿ ಗುದ್ದಿದ್ದು ಯಾರಿಗೆ ಕೇಳ್ಬೇಕು. ಗಾಜಿನಾಚೆ ಹತ್ತಡಿ ದೂರದಲ್ಲಿ ಫುಡ್ ಕಮಿಟಿ ಮೇಡಂ ಬೇವುಬೆಲ್ಲ ಕಲೆಸ್ತಾ ನಿಂತಿದ್ರು, ಬೆನ್ನು ನನ್ನ ಕಡೆಗೆ. ಕಿವಿಲಿದ್ದ ಇಯರ್‌ಬಡ್‌ಗೆ ಹೇಳಿ ಅವರಿಗೆ ಕಾಲ್ ಮಾಡಿಸ್ದೆ. ಮೇಡಂ ಫೋನ್ ಎತ್ಕೊಂಡ್ರು, ಸ್ಕ್ರೀನ್ ನೋಡಿದ್ರು, ಹಾಗಲಕಾಯಿ ಕಚ್ಚಿದೋರ ಹಾಗೆ ಮುಖ ಮಾಡಿ ಪಕ್ಕದಲ್ಲಿದ್ದೋರಿಗೆ ತೋರಿಸಿದ್ರು, ಇಬ್ರೂ ತಲೆ ಆಡಿಸಿದ್ರು, ಕಟ್. ಮತ್ತೆ ಮಾಡ್ದೆ. ಮತ್ತೆ ಕಟ್. ಮೂರನೇ ಸಲಕ್ಕೆ ಫೋನನ್ನ ಬೋರಲು ಹಾಕಿ ಅದರ ಮೇಲೆ ಪೇಪರ್ ನ್ಯಾಪ್‌ಕಿನ್ ಕಟ್ಟು ಇಟ್ಟುಬಿಟ್ರು.

ಕೊನೆಗೆ ಬಾಲ್ ಹುಡುಕ್ಕೊಂಡು ಹೊರಗೆ ಬಂದ ಒಬ್ಬ ಪುಣ್ಯಾತ್ಮ ಹುಡುಗನಿಂದ ಬಾಗಿಲು ತೆರೀತು. ಒಳಗೆ ಕಾಲಿಡ್ತಿದ್ದ ಹಾಗೇ ಮೇಡಂ, "ಏನ್ರೀ ಇಷ್ಟು ಲೇಟು, ಒಂದು ಫೋನಾದ್ರೂ ಮಾಡೋದಲ್ವಾ?"

ಅವರ ಫೋನ್ ಇಸ್ಕೊಂಡು ನೋಡ್ತೀನಿ, ಮೂರು ಮಿಸ್ಡ್ ಕಾಲ್, ಮೂರರಲ್ಲೂ ಪ್ರೈವೇಟ್ ನಂಬರ್ ಅಂತಷ್ಟೇ, ನನ್ನ ನಂಬರ್ ಕಾಣ್ತಾನೇ ಇಲ್ಲ. ಆಗ ಒಂದೊಂದೇ ಹೊಳೀತು. ಹಲ್ಲಿನ ಡಾಕ್ಟರ್ ಆಫೀಸು ವಾಪಸ್ ಫೋನೇ ಮಾಡದಿದ್ದದ್ದು, ಮಗನ ಫ್ರೆಂಡ್‌ನ ಅಮ್ಮ ವಾರದಿಂದ ಎತ್ತದೇ ಇದ್ದದ್ದು (ಅವರ ಮೇಲೆ ಸಿಟ್ಟು ಮಾಡ್ಕೊಂಡು ಗುಡ್ ಮಾರ್ನಿಂಗ್ ಮೆಸೇಜಿಗೆ ಹಾರ್ಟ್ ಒತ್ತೋದನ್ನೂ ನಿಲ್ಲಿಸಿದ್ದೆ).

ಮನೆಗೆ ಬಂದು ಹೇಳಿದ್ರೆ ನಮ್ಮನೆಯವರು ಲ್ಯಾಪ್‌ಟಾಪಿಂದ ತಲೆ ಎತ್ತದೆ "ರೀಸ್ಟಾರ್ಟ್ ಮಾಡಿದ್ಯಾ?" ಅಂದ್ರು. ಈ ಮನುಷ್ಯನ ಹತ್ರ ಲೋಕದ ಎಲ್ಲ ಕಷ್ಟಕ್ಕೂ ಇರೋದು ಇದೊಂದೇ ಕಷಾಯ. ಇಡ್ಲಿ ಹಿಟ್ಟು ಉಬ್ಬಿಲ್ಲ ಅಂದ್ರೂ ಅವನ್ ರೀಸ್ಟಾರ್ಟ್ ಮಾಡು ಅಂತಾರೆ. ಮಾಡ್ದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ಫೋನ್ ಅನ್ನೋದ್ರಲ್ಲಿ "ಶೋ ಮೈ ಕಾಲರ್ ಐಡಿ" ಹುಡುಕ್ದೆ. ಸಿಕ್ತು, ಆದ್ರೆ ಬೂದಿ ಬಣ್ಣಕ್ಕೆ ತಿರುಗಿ ಒತ್ತಿದ್ರೂ ಅಲ್ಲಾಡ್ದೆ ಕೂತಿತ್ತು. ಅಂದ್ರೆ ಬೀಗ ಬಿದ್ದಿರೋದು ಫೋನಲ್ಲಲ್ಲ, ಕಂಪನಿ ಕಡೆ, ಅಕೌಂಟಲ್ಲಿ. ಈ ದೇಶದಲ್ಲಿ ನಂಬರ್ ಮುಂದೆ ಸ್ಟಾರ್ 67 ಒತ್ತಿದ್ರೆ ಆ ಒಂದು ಕಾಲಿಗೆ ನಮ್ಮ ನಂಬರ್ ಮುಚ್ಚುತ್ತೆ, ಮುಚ್ಚಿಟ್ಟ ಲೈನಾದ್ರೆ ಸ್ಟಾರ್ 82 ಒತ್ತಿದ್ರೆ ತೆರಿಯುತ್ತೆ. ಸರಿ, ನಾಲ್ಕು ದಿನ ಯಾರಿಗೆ ಫೋನ್ ಮಾಡೋದಿದ್ರೂ ಲಗ್ನಪತ್ರಿಕೆಗೆ ಶ್ರೀಕಾರ ಹಾಕಿದ ಹಾಗೆ ಮೊದ್ಲು ಸ್ಟಾರ್ ಎಂಟು ಎರಡು, ಆಮೇಲೆ ಮಿಕ್ಕಿದ್ದು. ಊರಿಗೆ ಮಾಡೋ ಕಾಲಿಗೆ ಮಾತ್ರ ನನ್ನ ಫೋನಲ್ಲಿ ಆ ಮಂತ್ರ ನಡೀಲಿಲ್ಲ.

ಅಮ್ಮ ಇರೋದು ಸಾಗರದ ಹತ್ರ. ದಿನಾ ವಾಟ್ಸಾಪಲ್ಲೇ ಮಾತಾಡೋದು, ಆದ್ರೆ ಧಾರಾವಾಹಿ ನೋಡಿ ನೋಡಿ ಅವಳ ಡೇಟಾ ಖಾಲಿಯಾಗಿತ್ತು. ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಗ್ಗೆ ಏಳು, ನೆಟ್ಟಗೆ ಕಾಲ್ ಮಾಡ್ದೆ. ಎರಡು ಸಲ ಕಟ್. ಮೂರನೇದಕ್ಕೆ ಎತ್ತಿ, "ಯಾರದು?"

"ನಾನೇ ಅಮ್ಮ."

"ಎಲ್ಲಾ ಕಳ್ರೂ ಹಂಗೇ ಹೇಳದು."

"ಅಮ್ಮಾ, ನನ್ನ ದನಿ ಗೊತ್ತಾಗಲ್ವಾ ನಿಂಗೆ?"

"ದನಿನೂ ಕಂಪ್ಯೂಟರಲ್ಲಿ ಮಾಡ್ತಾರಂತೆ, ಪೇಪರಲ್ಲಿ ಬಂದಿತ್ತು. ನಮ್ಮ ಕಡೆ ನಂಬರ್ ಕಾಣದೇ ಇರ ಫೋನು ಎಲ್ರಿಗೂ ಕೊಡದಿಲ್ಲ, ಬಾಳ ದೊಡ್ಡ ಜನಕ್ಕೆ ಗವರ್ಮೆಂಟು ಒಪ್ಪಿದ್ರೆ ಮಾತ್ರ. ನನ್ನ ಮಗಳು ಎಂತ ಮಂತ್ರಿನಾ?"

ಇದು ನಿಜಾನೇ, ಇಂಡಿಯಾದಲ್ಲಿ ಸಾಮಾನ್ಯರಿಗೆ ಆ ಸೌಕರ್ಯ ಇಲ್ಲ. ಆದ್ರೆ ಬೆಳಗ್ಗೆ ಏಳಕ್ಕೆ ಹೆತ್ತ ತಾಯಿ ಬಾಯಲ್ಲಿ ಕೇಳೋ ವಿಷಯಾನಾ ಅದು?

"ಸರಿ, ಏನು ಬೇಕೋ ಕೇಳು, ಹೇಳ್ತೀನಿ" ಅಂದೆ. ಹುಟ್ಟಿದ ನಕ್ಷತ್ರ ಕೇಳ್ತಾಳೆ, ಅಜ್ಜಿ ಹೆಸರು ಕೇಳ್ತಾಳೆ ಅಂತ ನಾನು ತಯಾರಾಗಿದ್ರೆ, "ಅವೆಲ್ಲ ಫೇಸ್‌ಬುಕ್ಕಲ್ಲೇ ಇರ್ತದೆ. ಕೊಟ್ಟಿಗೇಲಿರ ಕರು ಹೆಸರು ಹೇಳು."

ಕರು! "ಯಾವ ಕರು, ಗೌರಿದಾ?"

"ನಾ ಹೇಳಿಕೊಡದಿಲ್ಲ."

"ಒಂದು ಕ್ಲೂ ಕೊಡು."

"ಹೋದ ತಿಂಗಳು ನನ್ನ ಮಗಳಿಗೆ ಹೇಳಿದೀನಿ, ಅವಳಿಗೆ ಗೊತ್ತಿರ್ತದೆ."

ತುಂಗೆ? ಅಲ್ಲ. ನಂದಿನಿ? ಅಲ್ಲ. ಮೂರನೇದು ಹೇಳೋಕೆ ಬಾಯಿ ತೆಗೆಯೋ ಅಷ್ಟರಲ್ಲಿ, "ಇನ್ನೊಂದ್ಸಲ ಮಾಡಿದ್ರೆ 1930ಕ್ಕೆ ಹೇಳ್ತೀನಿ ನೋಡು" ಅಂತ ಇಟ್ಟೇಬಿಟ್ಲು. ಸೈಬರ್ ಕಳ್ಳರ ದೂರಿನ ನಂಬರ್ ಅಮ್ಮನಿಗೆ ಬಾಯಿಪಾಠ, ನನ್ನ ನಂಬರಿಗೆ ಮಾತ್ರ ಡೈರಿ ಬೇಕು.

ನಗು ಬಂತು, ಆಮೇಲೆ ಯಾಕೋ ನಿಂತೂ ಹೋಯ್ತು. ಹೇಳಿದ್ಲು ಅವಳು, ಖಂಡಿತಾ ಹೇಳಿದ್ಲು, ನಾನು ಡಿಶ್‌ವಾಷರಿಗೆ ಪಾತ್ರೆ ಜೋಡಿಸ್ತಾ ಹೂಂ ಹೂಂ ಅಂತಿದ್ದೆ. ನಾನು ಮೈಸೂರಲ್ಲಿ ಓದುವಾಗ ನಮ್ಮನೇಲಿ ಫೋನಿರಲಿಲ್ಲ, ಪಕ್ಕದ ಮನೆಯ ಪಿ.ಪಿ. ನಂಬರು. ರಾತ್ರಿ ರೇಟು ಕಮ್ಮಿಯಾಗೋವರೆಗೆ ಎಸ್‌ಟಿಡಿ ಬೂತಲ್ಲಿ ಕಾದು ಡಯಲ್ ಮಾಡಿದ್ರೆ, ಅವರ ಮನೆಯೋರು ಬೇಲಿ ಹತ್ರ ನಿಂತು ಕೂಗಿ, ಅಮ್ಮ ಟಾರ್ಚ್ ಹಿಡ್ಕೊಂಡು ಓಡಿ ಬಂದು, ಏದುಸಿರಲ್ಲಿ "ಹಲೋ" ಅನ್ನೋ ಅಷ್ಟರಲ್ಲಿ ಮೀಟರಿನ ಕೆಂಪು ಅಂಕಿ ಅರ್ಧ ದುಡ್ಡು ತಿಂದಿರೋದು. ಮಿಕ್ಕ ಅರ್ಧದಲ್ಲಿ ಯಾವ ದನ ಗಬ್ಬ, ಯಾವುದು ಹಾಲು ಬತ್ತಿಸಿದೆ, ಎಲ್ಲಾ ತಿಳ್ಕೊಂಡಿರ್ತಿದ್ದೆ.

ಮಾರನೇ ದಿನ ಕಸ್ಟಮರ್ ಕೇರ್. 800ರಿಂದ ಶುರುವಾಗೋ ನಂಬರು. ಮೂವತ್ತೆಂಟು ನಿಮಿಷ ಪಿಯಾನೋ ಕೇಳಿಸಿ, ಆಮೇಲೆ ಒಬ್ಬಾಕೆ ಬಂದು ಸಮಸ್ಯೆ ಪೂರ್ತಿ ಕೇಳಿ, ಬಾಳ ಪ್ರೀತಿಯಿಂದ "ಮೇಡಂ, ನಿಮ್ಮ ನಂಬರ್ ನನಗೆ ಚೆನ್ನಾಗೇ ಕಾಣ್ತಾ ಇದೆಯಲ್ಲ" ಅಂದ್ಲು. "ನಿಮಗೊಬ್ರಿಗೇ ಕಾಣ್ತಿರೋದು" ಅಂದೆ. "ಹಾಗಾದ್ರೆ ಸಮಸ್ಯೆ ಬಗೆಹರೀತಾ?" ಆಮೇಲೆ ಗೊತ್ತಾಯ್ತು, ಇಂಥ ಟೋಲ್ ಫ್ರೀ ಕಾಲಿನ ದುಡ್ಡು ಕಟ್ಟೋರು ಅವರು, ಹಾಗಾಗಿ ಬಿಲ್ಲಿನ ಲೆಕ್ಕಕ್ಕೆ ಅಂತ ಕರೆ ಮಾಡಿದೋರ ನಂಬರ್ ಬೇರೆ ದಾರೀಲಿ ಹೋಗೇ ಹೋಗುತ್ತೆ, ನಾವು ಎಷ್ಟೇ ಮುಸುಕು ಹಾಕ್ಕೊಂಡ್ರೂ. ಇಲ್ಲಿನ ತುರ್ತು ನಂಬರ್ 911ಕ್ಕೂ ಹಾಗೇ. ಅಂದ್ರೆ ಈ ಕಾಯಿಲೆನ ಕಂಪನಿಗೆ ಫೋನ್ ಮಾಡಿ ತೋರಿಸೋಕೇ ಆಗಲ್ಲ, ಡಾಕ್ಟರ್ ಎದುರು ಕೂತ ತಕ್ಷಣ ಮಗುವಿನ ಕೆಮ್ಮು ನಿಲ್ಲುತ್ತಲ್ಲ, ಅದೇ ಕಥೆ.

ಮತ್ತೆ ಹದಿನೈದು ನಿಮಿಷ ಗೋಗರೆದ ಮೇಲೆ ಅಕೌಂಟ್ ತೆಗೆದು, "ಹೌದು, ನಿಮ್ಮ ಲೈನಿಗೆ ಬ್ಲಾಕ್ ಇದೆ, ತೆಗೀಬಹುದು" ಅಂದ್ಲು. ಕಾಲಿಗೆ ಬೀಳೋದೊಂದು ಬಾಕಿ. "ಆದ್ರೆ ಅಕೌಂಟ್ ಹೋಲ್ಡರ್ ಒಪ್ಪಬೇಕು." ಫ್ಯಾಮಿಲಿ ಪ್ಲಾನ್, ಹೋಲ್ಡರ್ ನಮ್ಮನೆಯವರು. ಆಕೆನ ಲೈನಲ್ಲೇ ನಿಲ್ಲಿಸಿ, ಆತುರದಲ್ಲಿ ಸ್ಟಾರ್ 82 ಮರೆತು ಅವರಿಗೆ ಕಾಲ್ ಮಾಡ್ದೆ.

ಕಟ್ ಮಾಡಿದ್ರು.

ಸಂಜೆ ಬಂದು, ಶೂ ಬಿಚ್ಚೋಕೂ ಬಿಡದೆ ಕೂರಿಸಿದ ಮೇಲೆ, ಲಾಗಿನ್ ಆಗಿ ಆ ಪೇಜ್ ನೋಡಿದ್ರು. ನೋಡ್ತಾ ನೋಡ್ತಾ ಮುಖ ಸಣ್ಣಗಾಯ್ತು. ತಿಂಗಳ ಹಿಂದೆ ಫೋನ್ ಮಾಡಿ ಮಾಡಿ ಕಾರ್ ವಾರಂಟಿ ಮಾರೋರ ಕಾಟ ಜಾಸ್ತಿ ಅಂತ ನಾನು ಗೊಣಗಿದ್ದಕ್ಕೆ, ಇವರೇ "ಕಾಲರ್ ಐಡಿ ಬ್ಲಾಕಿಂಗ್" ಅನ್ನೋದನ್ನ ನೋಡಿ, ಬರೋ ಕಾಲರ್‌ಗಳನ್ನ ಬ್ಲಾಕ್ ಮಾಡೋದು ಅಂದ್ಕೊಂಡು, ನನ್ನ ಲೈನಿಗೆ ಟಿಕ್ ಹಾಕಿದ್ರಂತೆ. "ನಿಂಗೆ ಸರ್ಪ್ರೈಸ್ ಆಗಿರ್ಲಿ ಅಂತ ಹೇಳಿರಲಿಲ್ಲ." ಸರ್ಪ್ರೈಸ್ ಆಯ್ತು. ಟಿಕ್ ತೆಗೆದ್ರು, ಅರ್ಧ ನಿಮಿಷ. ಆಮೇಲೆ ಧೈರ್ಯ ಮಾಡಿ, "ಈಗ ಒಂದ್ಸಲ ರೀಸ್ಟಾರ್ಟ್ ಮಾಡು" ಅಂತಲೂ ಅಂದ್ರು, ಮತ್ತು ರೀಸ್ಟಾರ್ಟ್ ಮಾಡಿದ ಮೇಲೇ ಅದು ಸರಿಹೋಯ್ತು ಅನ್ನೋದನ್ನ ನಾನು ಇಲ್ಲಿ ಬರೀಬಾರ್ದು ಅಂತಲೇ ಇದ್ದೆ.

ರಾತ್ರಿ ಅಮ್ಮನಿಗೆ ಮಾಡ್ದೆ. ಒಂದೇ ರಿಂಗಿಗೆ ಎತ್ತಿದ್ಲು.

"ಈಗ ನಂಬರ್ ಕಾಣ್ತದೆ. ಆದ್ರೂ ಕರು ಹೆಸರು ಹೇಳು."

"ಪುಟ್ಲಕ್ಷ್ಮಿ" ಅಂದೆ, ಗತ್ತಲ್ಲಿ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ. "ನಿನ್ನ ಅತ್ತಿಗೆನ ಕೇಳಿ ಹೇಳ್ತಾ ಇದೀಯ ಅಲ್ದಾ?"